ಹಿಮದ ಮೇಲೆ ತಲೆನೋವು ಮುಚ್ಚಿಡಬಾರದು

ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಬೆಳಗಿನ ಐದೂವರೆಗೆ ಹೋದರೆ ಹನುಮಪ್ಪನ ಭಕ್ತರಿಗಿಂತ ಮೊದಲು ಇನ್ನೊಂದು ಗುಂಪು ಕಣ್ಣಿಗೆ ಬೀಳುತ್ತದೆ. ಬನಿಯನ್ನು, ಚಡ್ಡಿ, ಸವೆದ ಬೂಟು. ಆನೆಗೊಂದಿ, ಗಂಗಾವತಿ, ಕಾರಟಗಿ ಕಡೆಯ ಹುಡುಗರು. ಅಗ್ನಿವೀರ ಭರ್ತಿಗೆ ತಯಾರಿ ನಡೆಸಿದ್ದಾರೆ. ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ ಇರುತ್ತದೆ, ಅಲ್ವಾ? ಅದಕ್ಕೆ ಕಾಲು ಗಟ್ಟಿಯಾಗಲಿ ಅಂತ ಈ ಮೆಟ್ಟಿಲು ಹತ್ತಿ ಇಳಿಯುತ್ತಾರೆ.

ಇವರಿಗೆ ಹೇಳಿಕೊಡುವವರು ಒಬ್ಬ ಮಾಜಿ ಸೈನಿಕರು. ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು. ಸೈನ್ಯದಲ್ಲಿ ಎನ್.ಎ. ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಅವರ ಬಲಗೈ ಕಿರುಬೆರಳಿನ ತುದಿ ಇಲ್ಲ. ಟೀ ಲೋಟ ಹಿಡಿದಾಗ ಮಾತ್ರ ಅದು ಎದ್ದು ಕಾಣುತ್ತದೆ. ಮೊನ್ನೆ ಎಲ್ಲರಿಗಿಂತ ಮೊದಲು ಮೇಲೆ ಹೋಗಿ ನಿಂತು ಕೈ ಬೀಸಿದ ಹುಡುಗನನ್ನು ತೋರಿಸಿ ನನಗೆ ಮೆಲ್ಲಗೆ ಹೇಳಿದರು: "ನೋಡ್ರೀ, ಮೊದ್ಲು ಹತ್ತಿದ್ನಲ್ಲ, ಅಲ್ಲಿ ಮೊದ್ಲು ಬೀಳಾವ ಇವ್ನ."

ನಾನು ನಕ್ಕೆ. ಅವರು ನಗಲಿಲ್ಲ.

ಅವರು ಹಾಗೆ ಯಾಕೆ ಹೇಳಿದರು ಅನ್ನುವುದನ್ನು ಬಿಡಿಸಿ ಹೇಳಲು ಈ ಲೇಖನ. ಗಡಿಯ ಬೆಟ್ಟದಲ್ಲಿ ಸೈನಿಕನಿಗೆ ಚಿಕಿತ್ಸೆ ಅಂದ ಕೂಡಲೆ ನಮ್ಮ ಕಣ್ಣಮುಂದೆ ಬರುವುದು ಗುಂಡೇಟು, ಸ್ಟ್ರೆಚರ್, ಹೆಲಿಕಾಪ್ಟರ್. ನಿಜವಾದ ಲೆಕ್ಕ ಬೇರೆಯೇ ಇದೆ. ಸಿಯಾಚಿನ್‌ನಲ್ಲಿ ನಮ್ಮ ಸೇನೆ ಕಾಲಿಟ್ಟಿದ್ದು 1984ರ ಏಪ್ರಿಲ್ 13ರಂದು. ಅಂದಿನಿಂದ ಅಲ್ಲಿ 800ಕ್ಕೂ ಹೆಚ್ಚು ಸೈನಿಕರು ಸತ್ತಿದ್ದಾರೆ. ಅದರಲ್ಲಿ ಜಾಸ್ತಿ ಜನರನ್ನು ಕೊಂದಿದ್ದು ಚಳಿ, ಹಿಮಕುಸಿತ, ಆಮ್ಲಜನಕದ ಕೊರತೆ. 2003ರ ನವೆಂಬರ್‌ನಲ್ಲಿ ಕದನವಿರಾಮ ಬಂದ ಮೇಲೆ ಅಲ್ಲಿ ಗುಂಡಿನ ಸದ್ದು ನಿಂತಿತು. ಸಾವು ನಿಲ್ಲಲಿಲ್ಲ.

2020ರ ತನಕ ಇದು ಬಹುಪಾಲು ಸಿಯಾಚಿನ್ ಮಾತಾಗಿತ್ತು. ಚೀನಾ ಜೊತೆಗಿನ ಗಾಲ್ವಾನ್ ಘರ್ಷಣೆಯ ನಂತರ ಪೂರ್ವ ಲಡಾಖ್‌ಗೆ ಹತ್ತಾರು ಸಾವಿರ ಸೈನಿಕರು ಹೋದರು. ಚಳಿಗಾಲದಲ್ಲೂ ಅಲ್ಲೇ ಉಳಿದರು. 2024ರ ಅಕ್ಟೋಬರ್‌ನಲ್ಲಿ ಅಲ್ಲಿಯ ಡೆಪ್ಸಾಂಗ್, ಡೆಮ್ಚೋಕ್ ವಿಚಾರದಲ್ಲಿ ಚೀನಾ ಜೊತೆ ಒಪ್ಪಂದವಾಯಿತು, ಆದರೂ ಸೈನ್ಯ ಬಯಲಿಗೆ ಇಳಿದು ಬಂದಿಲ್ಲ. ಅಂದರೆ 14 ಸಾವಿರ, 16 ಸಾವಿರ ಅಡಿಯಲ್ಲಿ ಚಳಿಗಾಲ ಕಳೆಯುವ ಹುಡುಗರ ಸಂಖ್ಯೆ ಈಗ ಬಹಳ ದೊಡ್ಡದು. ಅಂಜನಾದ್ರಿ ಮೆಟ್ಟಿಲ ಮೇಲೆ ಬೆವರುತ್ತಿರುವವರಲ್ಲಿ ಒಬ್ಬಿಬ್ಬರಾದರೂ ನಾಳೆ ಅಲ್ಲಿರುತ್ತಾರೆ.

ಗಾಳಿ ಇದೆ, ಸಾಲುವುದಿಲ್ಲ

ಗಂಗಾವತಿ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಅಡಿಯೂ ಇಲ್ಲ. ಲೇಹ್ 11,500 ಅಡಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. 18 ಸಾವಿರ ಅಡಿಗೆ ಹೋದರೆ ಅರ್ಧ. ಸಿಯಾಚಿನ್‌ನ ಮೇಲಿನ ಪೋಸ್ಟ್‌ಗಳು 20-21 ಸಾವಿರ ಅಡಿಯ ಹತ್ತಿರ ಇವೆ. ಅಲ್ಲಿ ಅರ್ಧವೂ ಇಲ್ಲ. ನೀರು ಕುದಿಯುವುದು 80 ಡಿಗ್ರಿ ಆಸುಪಾಸಿನಲ್ಲೇ. ನಮ್ಮ ಸೋನಾ ಮಸೂರಿ ಅಕ್ಕಿ ಬರೀ ಪಾತ್ರೆಯಲ್ಲಿಟ್ಟರೆ ಬೇಯುವುದೇ ಇಲ್ಲ, ಕುಕ್ಕರ್ ಬೇಕೇ ಬೇಕು.

ನಮ್ಮ ಕಡೆಯ ಜನಕ್ಕೆ ಇದನ್ನು ವಿವರಿಸುವುದು ಈಗ ಸುಲಭ. 2021ರ ಎರಡನೇ ಅಲೆ ನೆನಪಿದೆಯಲ್ಲ? ಮನೆಮನೆಗೂ ಆಕ್ಸಿಮೀಟರ್ ಬಂತು. ಅಜ್ಜಿಯಂದಿರೂ 'ತೊಂಬತ್ನಾಕು ಐತಿ' ಅನ್ನತೊಡಗಿದರು. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಿಂದ ದ್ರವ ಆಮ್ಲಜನಕದ ಟ್ಯಾಂಕರ್‌ಗಳು ಹೊರಟವು, ಅದರ ಪಕ್ಕದಲ್ಲೇ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಆಗ 90ಕ್ಕಿಂತ ಕೆಳಗೆ ಇಳಿದರೆ ಮನೆಯವರ ಕೈಕಾಲು ನಡುಗುತ್ತಿತ್ತು. 18 ಸಾವಿರ ಅಡಿಯಲ್ಲಿ ಚೆನ್ನಾಗಿ ಒಗ್ಗಿಕೊಂಡ, ಏನೂ ಕಾಯಿಲೆ ಇಲ್ಲದ ಸೈನಿಕನ ಬೆರಳಿಗೆ ಅದೇ ಆಕ್ಸಿಮೀಟರ್ ಹಾಕಿದರೆ 80ರ ಆಸುಪಾಸು ತೋರಿಸುತ್ತದೆ. ಅದೇ ಅವನ ದಿನನಿತ್ಯ. ಅದರಲ್ಲೇ ಅವನು ಸಲಿಕೆ ಹಿಡಿದು ಹಿಮ ತೆಗೆಯಬೇಕು, ಡ್ಯೂಟಿ ಮಾಡಬೇಕು, ಮಲಗಬೇಕು. ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತೇಬಿಡುತ್ತದೆ. ಆಮೇಲೆ ದಡಕ್ಕನೆ ಎದ್ದು ಕೂರುತ್ತಾನೆ. ಹೊಸಬರು ಇದಕ್ಕೇ ಹೆದರಿಬಿಡುತ್ತಾರೆ.

ಹೋದಷ್ಟೂ ಬೇಗ, ಬಿದ್ದಷ್ಟೂ ಬೇಗ

ಈ ಪಾಠವನ್ನು ನಮ್ಮ ಸೇನೆ ಕಲಿತಿದ್ದು 1962ರಲ್ಲಿ, ಬಹಳ ಕಷ್ಟಪಟ್ಟು. ಚೀನಾ ಯುದ್ಧದ ಹೊತ್ತಿಗೆ ಬಯಲಿನಲ್ಲಿದ್ದ ಸೈನಿಕರನ್ನು ವಿಮಾನದಲ್ಲಿ, ಲಾರಿಯಲ್ಲಿ ಏಕಾಏಕಿ ಮೇಲೆ ಹತ್ತಿಸಿದರು. ಗಟ್ಟಿಮುಟ್ಟಾದ ಹುಡುಗರು ಎರಡು ಮೂರು ದಿನದಲ್ಲಿ ಉಸಿರಾಡಲಾಗದೆ ಮಲಗಿದರು. ಅದನ್ನೆಲ್ಲ ಕೂತು ದಾಖಲಿಸಿದ್ದು ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಅವರ ತಂಡ. 11 ಸಾವಿರದಿಂದ 18 ಸಾವಿರ ಅಡಿಯಲ್ಲಿ ಕಾಯಿಲೆ ಬಿದ್ದ 1,925 ಸೈನಿಕರನ್ನು ನೋಡಿ ಅವರು 1969ರಲ್ಲಿ ಪ್ರಕಟಿಸಿದ ವರದಿಯನ್ನು ಎತ್ತರದ ಕಾಯಿಲೆ ಬಗ್ಗೆ ಓದುವವರು ಇಂದಿಗೂ ತೆಗೆದು ನೋಡುತ್ತಾರೆ. ಅಲ್ಲಿ ಬರೆದ ಕೆಲವು ಔಷಧಿಗಳನ್ನು ಈಗ ಕೊಡುವುದಿಲ್ಲ. ಆದರೆ ಮುಖ್ಯ ಮಾತು ಹಾಗೇ ಉಳಿದಿದೆ: ಹತ್ತುವ ವೇಗವೇ ಕಾಯಿಲೆ ತರುತ್ತದೆ.

ಅದರಿಂದ ಹುಟ್ಟಿದ್ದು ಸೇನೆಯ 14 ದಿನದ ಲೆಕ್ಕ. ಮೂರು ಹಂತ. 9 ಸಾವಿರದಿಂದ 12 ಸಾವಿರ ಅಡಿಯಲ್ಲಿ ಆರು ದಿನ. ಅಲ್ಲಿಂದ 15 ಸಾವಿರದ ತನಕ ನಾಲ್ಕು ದಿನ. ಅದರ ಮೇಲೆ ಮತ್ತೆ ನಾಲ್ಕು ದಿನ. ಮೊದಲ ಎರಡು ದಿನ ಏನೂ ಮಾಡುವ ಹಾಗಿಲ್ಲ, ಸುಮ್ನೆ ಮಲಗಬೇಕು. ಶೌಚಕ್ಕೆ ಹೋಗಬಹುದು, ಊಟಕ್ಕೆ ಹೋಗಬಹುದು, ಅಷ್ಟೇ. ಆಮೇಲೆ ಸಮತಟ್ಟಿನಲ್ಲಿ ನಿಧಾನ ನಡಿಗೆ, ಕೊನೆಗೆ ಸ್ವಲ್ಪ ಏರು. ಈ ದಿನಗಳಲ್ಲಿ ಮೈ ಒಳಗೆ ಕೆಲಸ ನಡೆದಿರುತ್ತದೆ. ಉಸಿರು ಜೋರಾಗುತ್ತದೆ. ಮೂತ್ರಪಿಂಡ ರಕ್ತದ ಹದ ಸರಿಮಾಡುತ್ತದೆ. ಆಮ್ಲಜನಕ ಹೊರುವ ಕೆಂಪು ಕಣಗಳು ನಿಧಾನಕ್ಕೆ ಹೆಚ್ಚುತ್ತವೆ. ಈ ದಿನಗಳನ್ನು ತಪ್ಪಿಸುವ ಮಾತ್ರೆ ಇಲ್ಲ. ಡಯಾಮಾಕ್ಸ್ ಅನ್ನುವ ಮಾತ್ರೆ ಒಗ್ಗುವುದಕ್ಕೆ ಸ್ವಲ್ಪ ನೆರವಾಗುತ್ತದೆ, ಅಷ್ಟು ಮಾತ್ರ. (ಬೈಕ್ ಹತ್ತಿ ಲಡಾಖ್‌ಗೆ ಹೊರಡುವ ನಮ್ಮೂರ ಗೆಳೆಯರು ಅದನ್ನು ಯಾರನ್ನೂ ಕೇಳದೆ ಅಂಗಡಿಯಲ್ಲಿ ಕೊಂಡು ನುಂಗುತ್ತಾರೆ. ಅದು ಇನ್ನೊಂದು ಕಥೆ.)

ಈಗ ಆ ಮೊದಲು ಮೆಟ್ಟಿಲು ಹತ್ತಿದ ಹುಡುಗನ ವಿಷಯಕ್ಕೆ ಬರೋಣ. ದಮ್ಮು ಇದ್ದವನಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ಅದು ತಪ್ಪು. ಓಟದ ದಮ್ಮಿಗೂ ಒಗ್ಗುವ ಗುಣಕ್ಕೂ ಸಂಬಂಧ ಕಡಿಮೆ. ದಮ್ಮು ಇದ್ದವನು ಎರಡನೇ ದಿನವೇ ಎದ್ದು ವಾಲಿಬಾಲ್ ಆಡಲು ಹೋಗುತ್ತಾನೆ. ಮೂರನೇ ದಿನ ತಲೆ ಸಿಡಿಯುತ್ತದೆ. ಹೇಳಿದರೆ ಜೊತೆಯವರು ನಗುತ್ತಾರೆ, ಕೆಳಗೆ ಕಳಿಸುತ್ತಾರೆ, ಹೆಸರು ಕೆಡುತ್ತದೆ ಅಂತ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಾಜಿ ಎನ್.ಎ. ಹೇಳುವ ಪ್ರಕಾರ ಅವರ ಕೆಲಸದಲ್ಲಿ ಸೂಜಿ ಹಾಕುವುದಕ್ಕಿಂತ ಕಷ್ಟದ್ದು ಇದೇ. ಬೆಳಿಗ್ಗೆ ಟೀ ಕೊಡುವಾಗ ಯಾರು ಟೀ ಬೇಡ ಅಂದ, ಯಾರು ರಾತ್ರಿ ಊಟ ಬಿಟ್ಟ, ಯಾರು ಬೂಟಿನ ಲೇಸು ಕಟ್ಟಲು ಹೆಚ್ಚು ಹೊತ್ತು ತೆಗೆದುಕೊಂಡ ಅಂತ ನೋಡುವುದು. "ಕೇಳಿದ್ರ 'ಠೀಕ್ ಹೈ ಸಾಬ್' ಅಂತಾರ್ರೀ. ಠೀಕ್ ಇರಂಗಿಲ್ಲ," ಅಂದರು.

ತೂಬು ಮುಚ್ಚಿದ ಕಾಲುವೆ

ತಲೆನೋವನ್ನು ಮುಚ್ಚಿಟ್ಟು ಮೇಲೆ ಹೋದವನಿಗೆ ಕಾದಿರುವುದು ಎರಡು ಆಪತ್ತು. ಒಂದು ಶ್ವಾಸಕೋಶದಲ್ಲಿ ನೀರು ತುಂಬುವುದು. ಸೈನಿಕರ ಬಾಯಲ್ಲಿ ಇದರ ಹೆಸರು 'ಹೇಪೋ'. ಇನ್ನೊಂದು ಮಿದುಳು ಊದಿಕೊಳ್ಳುವುದು.

ಹೇಪೋ ಹೇಗೆ ಆಗುತ್ತದೆ ಅನ್ನುವುದು ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಬೇಗ ತಿಳಿಯುತ್ತದೆ. ಶ್ವಾಸಕೋಶದ ಒಂದು ಮೂಲೆಗೆ ಗಾಳಿ ಸರಿಯಾಗಿ ಬರದಿದ್ದರೆ ಅಲ್ಲಿಯ ರಕ್ತನಾಳ ಬಿಗಿದುಕೊಳ್ಳುತ್ತದೆ. ಬಯಲಿನಲ್ಲಿ ಇದು ಒಳ್ಳೆಯ ಉಪಾಯ. ಗಾಳಿ ಇಲ್ಲದ ಕಡೆ ರಕ್ತ ಯಾಕೆ ಕಳಿಸಬೇಕು, ಬೇರೆ ಕಡೆ ಹೋಗಲಿ ಅಂತ. ಆದರೆ ಎತ್ತರದಲ್ಲಿ ಎಲ್ಲ ಮೂಲೆಯಲ್ಲೂ ಗಾಳಿ ಕಡಿಮೆ. ಎಲ್ಲ ತೂಬುಗಳೂ ಒಟ್ಟಿಗೆ ಬಿಗಿಯುತ್ತವೆ, ಅದೂ ಸಮನಾಗಿ ಅಲ್ಲ. ಮೇಲಿನಿಂದ ನೀರು ಬರುವುದು ನಿಂತಿಲ್ಲ. ಹತ್ತು ತೂಬು ಮುಚ್ಚಿ ಎರಡು ತೆರೆದಿಟ್ಟರೆ ಆ ಎರಡು ಉಪಕಾಲುವೆಯ ಏರಿ ಏನಾಗುತ್ತದೆ? ಒಡೆದು ಗದ್ದೆಗೆ ನುಗ್ಗುತ್ತದೆ. ಇಲ್ಲೂ ಹಾಗೇ. ತೆರೆದಿರುವ ಕಡೆ ಒತ್ತಡ ಏರಿ ಸಣ್ಣ ನಾಳಗಳು ಸೋರುತ್ತವೆ, ಗಾಳಿ ತುಂಬಬೇಕಾದ ಚೀಲಗಳಲ್ಲಿ ನೀರು ನಿಲ್ಲುತ್ತದೆ. ಮೊದಲು ಒಣ ಕೆಮ್ಮು. ಆಮೇಲೆ ಕೂತಲ್ಲೇ ಏದುಸಿರು. ಎದೆಗೆ ಕಿವಿ ಇಟ್ಟರೆ ಗುಳುಗುಳು ಸದ್ದು. ಕೊನೆಗೆ ಗುಲಾಬಿ ಬಣ್ಣದ ನೊರೆ. ಸಾಮಾನ್ಯವಾಗಿ ಮೇಲೆ ಹೋದ ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿಯ ಒಳಗೆ ಇದು ಶುರುವಾಗುತ್ತದೆ.

ಮಿದುಳು ಊದಿದವನು ಕುಡಿದವನ ಹಾಗೆ ತೂರಾಡುತ್ತಾನೆ. ಪರೀಕ್ಷೆ ಬಹಳ ಸರಳ. ಒಂದು ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಸುವುದು. ನಡೆಯಲಾಗದಿದ್ದರೆ ಆಗಲೇ ಹೊರಡಿಸಬೇಕು. ಬೆಳಗಾಗಲಿ ನೋಡೋಣ ಅನ್ನುವ ಮಾತೇ ಇಲ್ಲ.

ಚಿಕಿತ್ಸೆ? ಎರಡಕ್ಕೂ ಒಂದೇ ಉತ್ತರ. ಕೆಳಗೆ ಇಳಿಸುವುದು. ಮುನ್ನೂರು ಮೀಟರ್ ಇಳಿಸಿದರೂ ಕೆಲವರಿಗೆ ಗುಣ ಕಾಣುತ್ತದೆ, ಸಾವಿರ ಮೀಟರ್ ಇಳಿಸಿದರೆ ಬಹುತೇಕ ಎಲ್ಲರಿಗೂ. ಆಮ್ಲಜನಕ ಕೊಡುತ್ತಾರೆ. ಶ್ವಾಸಕೋಶಕ್ಕೆ ನಿಫಿಡಿಪಿನ್, ಮಿದುಳಿಗೆ ಡೆಕ್ಸಾಮೆಥಾಸೋನ್. ಇವೆಲ್ಲ ಇಳಿಸುವ ತನಕ ಹೊತ್ತು ತಳ್ಳುವ ಉಪಾಯಗಳು.

ಆದರೆ ರಾತ್ರಿ, ಹಿಮಗಾಳಿ. ಚಾಪರ್ ಬರುವುದಿಲ್ಲ, ನಡೆಸುವ ಹಾಗಿಲ್ಲ. ಆಗ ಇರುವುದು ಹೇಪೋ ಬ್ಯಾಗ್. ನೋಡಲು ದೊಡ್ಡ ಮಲಗುವ ಚೀಲ. ಗಾಳಿಯಾಡದ ಬಟ್ಟೆ, ಉದ್ದಕ್ಕೂ ಜಿಪ್, ಮುಖದ ಹತ್ತಿರ ಸಣ್ಣ ಪಾರದರ್ಶಕ ಕಿಟಕಿ. ರೋಗಿಯನ್ನು ಒಳಗೆ ಮಲಗಿಸಿ ಜಿಪ್ ಎಳೆದು ಕಾಲಿನಿಂದ ಪಂಪ್ ಒತ್ತುತ್ತಾರೆ. ಒಳಗಿನ ಒತ್ತಡ ಏರುತ್ತದೆ. ಮೈಗೆ ಒಂದೂವರೆ ಎರಡು ಸಾವಿರ ಮೀಟರ್ ಕೆಳಗೆ ಇಳಿದ ಹಾಗೆ ಆಗುತ್ತದೆ. ಬೆಟ್ಟ ಇಳಿಯದೆಯೇ ಇಳಿದಂತೆ! ಆದರೆ ಪಂಪ್ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಒಳಗಿನ ಗಾಳಿ ಕೆಡುತ್ತದೆ. ಒತ್ತುವವನೂ ಅದೇ 18 ಸಾವಿರ ಅಡಿಯಲ್ಲಿ ನಿಂತಿದ್ದಾನೆ, ಅವನಿಗೂ ಏದುಸಿರು. ಸರದಿ ಮೇಲೆ ಒತ್ತುತ್ತಾರೆ. "ಒಂದ್ ರಾತ್ರಿ ನಾಕು ಮಂದಿ ಬೆಳತನಕ ತುಳದೀವಿ. ಒಳಗಿದ್ದಾವ ಕಿಟಕ್ಯಾಗಿಂದ ನಮ್ಮನ್ನ ನೋಡಿಕೋಂತ ಮಲಗಿದ್ದ," ಅಂದರು ಮಾಜಿ ಎನ್.ಎ. ಆ ಹುಡುಗ ಬೆಳಿಗ್ಗೆ ಚಾಪರ್‌ನಲ್ಲಿ ಇಳಿದ, ಬದುಕಿದ. ಅವನ ಊರು ಯಾವುದು ಅಂತ ಇವರಿಗೆ ನೆನಪಿಲ್ಲ.

108 ಬರುವುದಿಲ್ಲ

ನಮ್ಮ ಹಳ್ಳಿಯಲ್ಲಿ ಅಪಘಾತವಾದರೆ 108ಕ್ಕೆ ಫೋನ್ ಮಾಡುತ್ತೇವೆ. ತಡವಾದರೆ ಬೈಯುತ್ತೇವೆ. ಬೆಟ್ಟದಲ್ಲಿ ಗಾಯಾಳುವನ್ನು ಹೊರಲು ಆರೆಂಟು ಜನ ಬೇಕು, ಅಷ್ಟೂ ಜನ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಹಿಮದ ಬಿರುಕುಗಳ ಮೇಲೆ ಹಗ್ಗ ಕಟ್ಟಿಕೊಂಡು ದಾಟಬೇಕು. ಪೋಸ್ಟ್‌ನಿಂದ ಕೆಳಗಿನ ಕ್ಯಾಂಪಿಗೆ, ಅಲ್ಲಿಂದ ಬೇಸ್ ಕ್ಯಾಂಪಿಗೆ, ಅಲ್ಲಿಂದ ನುಬ್ರಾ ಕಣಿವೆಯ ಫೀಲ್ಡ್ ಆಸ್ಪತ್ರೆಗೆ, ಆಮೇಲೆ ಲೇಹ್‌ನ ಜನರಲ್ ಆಸ್ಪತ್ರೆಗೆ, ಇನ್ನೂ ಬೇಕಾದರೆ ಚಂಡೀಮಂದಿರ ಅಥವಾ ದೆಹಲಿಗೆ. ಗಾಯವಾದ ಮೊದಲ ಗಂಟೆ ಮುಖ್ಯ ಅಂತ ನಮ್ಮ ವೈದ್ಯರು ಹೇಳುತ್ತಾರಲ್ಲ, ಅಲ್ಲಿ ಆ ಒಂದು ಗಂಟೆ ಎಷ್ಟೋ ಸಲ ಒಂದು ದಿನವಾಗುತ್ತದೆ.

ಆ ಹೊತ್ತಿನಲ್ಲಿ ಚಳಿ ಏನು ಮಾಡುತ್ತದೆ ಅನ್ನುವುದನ್ನು ಗಾಲ್ವಾನ್ ತೋರಿಸಿತು. 2020ರ ಜೂನ್ 15ರ ರಾತ್ರಿ ಅಲ್ಲಿ 20 ಸೈನಿಕರು ಹುತಾತ್ಮರಾದರು. ಮರುದಿನ ಸೇನೆ ಕೊಟ್ಟ ಹೇಳಿಕೆಯಲ್ಲಿ ಒಂದು ಸಾಲು ಇತ್ತು. ಅವರಲ್ಲಿ 17 ಮಂದಿ ತೀವ್ರ ಗಾಯಗೊಂಡು, ಆ ಎತ್ತರದಲ್ಲಿ ಶೂನ್ಯಕ್ಕಿಂತ ಕೆಳಗಿನ ಚಳಿಗೆ ಸಿಕ್ಕು ತೀರಿಕೊಂಡರು ಅಂತ. ಟಿವಿಯಲ್ಲಿ ಕೂಗಾಟದ ನಡುವೆ ಆ ಸಾಲನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. ರಕ್ತ ಹೋದಷ್ಟೂ ಮೈ ಇನ್ನೂ ತಣ್ಣಗಾಗುತ್ತದೆ. ಕೊಪ್ಪಳದ ಬಿಸಿಲಲ್ಲಿ ಬದುಕಬಹುದಾದ ಗಾಯ ಅಲ್ಲಿ ಕೊಲ್ಲುತ್ತದೆ. ಅದಕ್ಕೇ ಬೆಟ್ಟದಲ್ಲಿ ಗಾಯಾಳುವಿಗೆ ರಕ್ತ ನಿಲ್ಲಿಸುವ ಪಟ್ಟಿ ಎಷ್ಟು ಮುಖ್ಯವೋ ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಸುತ್ತುವುದೂ ಅಷ್ಟೇ ಮುಖ್ಯ.

ಹನುಮಂತಪ್ಪ ಕೊಪ್ಪದ ಅವರನ್ನು ನಾವು ಯಾರೂ ಮರೆತಿಲ್ಲ. ಗದಗ ದಾಟಿದರೆ ಧಾರವಾಡ ಜಿಲ್ಲೆ, ಅಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರು ಅವರ ಊರು. 2016ರ ಫೆಬ್ರುವರಿ 3ರಂದು 19,600 ಅಡಿಯ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿಯಿತು. ಹತ್ತು ಮಂದಿ ಹೂತುಹೋದರು. ಆರನೇ ದಿನ ಹತ್ತಾರು ಅಡಿ ಹಿಮದ ಕೆಳಗೆ ಇವರೊಬ್ಬರು ಜೀವಂತ ಸಿಕ್ಕರು. ಮರುದಿನ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಊರಿಗೆ ಊರೇ ಪೂಜೆ ಮಾಡಿಸಿತು. 11ರಂದು ಅವರು ತೀರಿಕೊಂಡರು. ಸಿಕ್ಕ ಮೇಲೆ ಯಾಕೆ ಉಳಿಯಲಿಲ್ಲ ಅಂತ ಅವತ್ತು ಎಲ್ಲರೂ ಕೇಳಿದರು. ಆಸ್ಪತ್ರೆ ಮೊದಲ ದಿನವೇ ಎಚ್ಚರಿಕೆ ಕೊಟ್ಟಿತ್ತು. ತಣ್ಣಗಾದ ಮೈ ಮತ್ತೆ ಬೆಚ್ಚಗಾಗುವಾಗ, ಮುಚ್ಚಿಹೋಗಿದ್ದ ಭಾಗಗಳಿಗೆ ರಕ್ತ ಮತ್ತೆ ಹರಿಯುವಾಗ ದೊಡ್ಡ ಅಪಾಯ ಇದೆ ಅಂತ. ದಿನಗಟ್ಟಲೆ ಕೆಟ್ಟು ನಿಂತ ರಕ್ತ ಒಮ್ಮೆಲೆ ಹೃದಯಕ್ಕೆ, ಮೂತ್ರಪಿಂಡಕ್ಕೆ, ಯಕೃತ್ತಿಗೆ ಬರುತ್ತದೆ. ಅವರಿಗೆ ನ್ಯುಮೋನಿಯಾ ಇತ್ತು, ಮೂತ್ರಪಿಂಡ, ಯಕೃತ್ತು ಎರಡೂ ಕೈಕೊಟ್ಟಿದ್ದವು.

ಬೆರಳಿಗೆ ಆಗುವ ಹಿಮಗಾಯದಲ್ಲೂ ಇದೇ ಸೂಕ್ಷ್ಮ. ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜಬಾರದು. ಬೆಂಕಿಗೆ ಹಿಡಿಯಲೇಬಾರದು. ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿ ನೀರಿನಲ್ಲಿ, ಅಂದರೆ ಮಗುವಿಗೆ ಎರೆಯುವಷ್ಟು ಬೆಚ್ಚಗಿನ ನೀರಿನಲ್ಲಿ, ಅರ್ಧ ಗಂಟೆ ಇಡಬೇಕು. ಇನ್ನೂ ಒಂದು ಷರತ್ತು. ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಕರಗಿಸಲೇಬಾರದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಹೋದಂತೆಯೇ. ಮರಗಟ್ಟಿದ ಕಾಲಲ್ಲೇ ನಡೆದು ಕೆಳಗೆ ಬರುವುದು ಮೇಲು. ಮಾಜಿ ಎನ್.ಎ. ಅವರ ಕಿರುಬೆರಳು ಹೋಗಿದ್ದು ಇನ್ನೊಬ್ಬನಿಗೆ ಸೂಜಿ ಹಾಕಲು ಕೈಗವಸು ತೆಗೆದಾಗ. ಸೂಜಿಮದ್ದಿನ ಸೀಸೆಗಳನ್ನು ಅವರು ಬನಿಯನ್ನಿನ ಒಳಗೆ ಮೈಗೆ ಅಂಟಿಸಿ ಇಟ್ಟುಕೊಳ್ಳುತ್ತಿದ್ದರು. ಹೊರಗಿಟ್ಟರೆ ಗಟ್ಟಿ ಕಲ್ಲಾಗುತ್ತವೆ. ಸಲೈನ್ ಬಾಟಲಿಯೂ ಹಾಗೇ.

ಹೆಲಿಕಾಪ್ಟರಿಗೂ ಏದುಸಿರು

ಗಾಳಿ ತೆಳುವಾದರೆ ರೆಕ್ಕೆಗೂ ಹಿಡಿತ ಸಿಗುವುದಿಲ್ಲ. 20 ಸಾವಿರ ಅಡಿಗೆ ಹೋಗುವ ಚೀತಾ ಹೆಲಿಕಾಪ್ಟರ್ ಇಂಧನ, ಸೀಟು ಎಲ್ಲ ಲೆಕ್ಕ ಹಾಕಿ ಹಗುರ ಮಾಡಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಒಬ್ಬ ರೋಗಿ ಹಿಡಿದರೆ ಹೆಚ್ಚು. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗುತ್ತದೆ, ಹಾಗಾಗಿ ಬೆಳಗಿನ ಹೊತ್ತೇ ಗತಿ. ಚೀತಾ ಬೆಂಗಳೂರಿನ ಎಚ್.ಎ.ಎಲ್. ಮಾಡಿದ್ದು, 1970ರ ದಶಕದ ಯಂತ್ರ. ಅದರ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್‌ಗಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಾರ್ಖಾನೆ ಕಟ್ಟಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯೂ ಆಯಿತು. ಆದರೂ ಬೆಟ್ಟದ ಮೇಲಿನ ರೋಗಿಯನ್ನು ಹೊತ್ತು ತರುವ ಭಾರ ಹಳೆಯ ಚೀತಾ ಮೇಲಿಂದ ಇಳಿದಿಲ್ಲ. ನನ್ನ ಮಟ್ಟಿಗೆ ಸೇನೆಯ ವೈದ್ಯಕೀಯದಲ್ಲಿ ಎಲ್ಲಕ್ಕಿಂತ ತುರ್ತಾಗಿ ಬೇಕಿರುವ 'ಔಷಧಿ' ಈ ಹೆಲಿಕಾಪ್ಟರ್.

2024ರ ಆಗಸ್ಟ್‌ನಲ್ಲಿ 15 ಸಾವಿರ ಅಡಿ ಎತ್ತರದ ಜಾಗಕ್ಕೆ ಪೆಟ್ಟಿಗೆ ಆಸ್ಪತ್ರೆಯೊಂದನ್ನು ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿಸಿದ ಸುದ್ದಿ ಬಂತು. ಆರೋಗ್ಯ ಮೈತ್ರಿ ಕ್ಯೂಬ್ ಅಂತ ಹೆಸರು. ಒಳ್ಳೆಯದೇ. ಆದರೆ ಪೆಟ್ಟಿಗೆ ಬಿಚ್ಚಿ ಕೆಲಸ ಮಾಡುವ ವೈದ್ಯರೂ 14 ದಿನ ಒಗ್ಗಿಕೊಂಡೇ ಅಲ್ಲಿ ನಿಲ್ಲಬೇಕು. ವೈದ್ಯರಿಗೆ ಬೆಟ್ಟ ರಿಯಾಯಿತಿ ಕೊಡುವುದಿಲ್ಲ. 2023ರ ಜುಲೈನಲ್ಲಿ ಸಿಯಾಚಿನ್‌ನಲ್ಲಿ ಬೆಂಕಿ ಬಿದ್ದಾಗ ಜೊತೆಯವರನ್ನು ಹೊರಗೆಳೆದು, ಔಷಧಿ ಉಳಿಸಲು ಮತ್ತೆ ಒಳಗೆ ಹೋಗಿ ಪ್ರಾಣ ಬಿಟ್ಟ ಕ್ಯಾಪ್ಟನ್ ಅಂಶುಮಾನ್ ಸಿಂಗ್ ವೈದ್ಯರೇ. ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ಬಂತು.

ಮೂವತ್ತು ದಿನದ ರಜೆ

ಈ ಲೇಖನದಲ್ಲಿ ನಮ್ಮ ಮನೆಗಳಿಗೆ ನೇರ ಸಂಬಂಧಪಟ್ಟ ವಿಷಯ ಇದು.

ಹಿಂದೆ ಶ್ರೀನಗರದಿಂದ ಲೇಹ್‌ಗೆ ಲಾರಿಯಲ್ಲಿ ದಿನಗಟ್ಟಲೆ ಹೋಗಬೇಕಿತ್ತು. ಆ ನಿಧಾನವೇ ಒಂದಿಷ್ಟು ರಕ್ಷಣೆ ಕೊಡುತ್ತಿತ್ತು. ಈಗ ಚಂಡೀಗಢದಲ್ಲಿ ವಿಮಾನ ಹತ್ತಿದರೆ ಒಂದು ಗಂಟೆ ಆಸುಪಾಸಿನಲ್ಲಿ ಲೇಹ್. 2020ರಲ್ಲಿ ಅಟಲ್ ಸುರಂಗ ತೆರೆಯಿತು, 2024ರಲ್ಲಿ ಅರುಣಾಚಲದ ಸೆಲಾ ಸುರಂಗ. ರಸ್ತೆ ಚೆನ್ನಾದಷ್ಟೂ ರೋಗಿಯನ್ನು ಬೇಗ ಇಳಿಸಬಹುದು, ನಿಜ. ಅದೇ ರಸ್ತೆ ಹುಡುಗನನ್ನು ಬೇಗ ಹತ್ತಿಸುತ್ತದೆ ಕೂಡ.

ಮೇಲೆ ತಿಂಗಳುಗಟ್ಟಲೆ ಇದ್ದು ಒಗ್ಗಿದವನು ರಜೆಗೆ ಊರಿಗೆ ಬಂದರೆ ಆ ಒಗ್ಗಿದ್ದು ಕರಗುತ್ತದೆ. ಹತ್ತು ದಿನ ದಾಟಿದರೆ ವಾಪಸ್ ಹೋದಾಗ ಚಿಕ್ಕ ಸುತ್ತಿನ ವಿಶ್ರಾಂತಿ ಬೇಕು. ನಾಲ್ಕು ವಾರ ದಾಟಿದರೆ ಎಲ್ಲ ಮೊದಲಿನಿಂದ, ಪೂರ್ತಿ 14 ದಿನ. 'ನಾನು ಹಳಬ, ನನಗೇನು' ಅಂತ ರಜೆ ಮುಗಿಸಿ ನೇರ ಮೇಲೆ ಹೋದವರಿಗೆ ಹೇಪೋ ಆಗಿರುವ ಉದಾಹರಣೆ ಬೇಕಾದಷ್ಟಿವೆ. ಹೊಸಬನಿಗೆ ಹೆದರಿಕೆ ಇರುತ್ತದೆ, ಹಳಬನಿಗೆ ಅದೂ ಇರುವುದಿಲ್ಲ.

ಅಗ್ನಿವೀರನಿಗೆ ವರ್ಷಕ್ಕೆ ರಜೆ 30 ದಿನ. ಇಡೀ ರಜೆಯನ್ನು ಒಂದೇ ಸಲ ತೆಗೆದುಕೊಂಡರೆ ನಾಲ್ಕು ವಾರದ ಗೆರೆ ತಾನಾಗಿಯೇ ದಾಟುತ್ತದೆ. ದೆಹಲಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ರಾಯಚೂರಿನಲ್ಲಿ ಇಳಿಯಲು ಒಂದು ದಿನಕ್ಕಿಂತ ಜಾಸ್ತಿ ಬೇಕು, ವಾಪಸ್ಸಿಗೂ ಅಷ್ಟೇ. 'ಗವಿಮಠದ ಜಾತ್ರಿ ಮುಗಿಸ್ಕೊಂಡು ಹೋಗಪ್ಪ, ಇನ್ನೆರಡು ದಿನ' ಅಂತ ಅವ್ವ ಹೇಳುತ್ತಾಳೆ. ಹುಡುಗ ನಿಂತೂ ಬಿಡುತ್ತಾನೆ. ತಡವಾಗಿ ಹೋದವನು ಕಳೆದ ದಿನ ತುಂಬಿಕೊಡಬೇಕು ಅಂತ ಆತುರ ಮಾಡುತ್ತಾನೆ. ಮನೆಯವರು ಹೇಳಬೇಕಾದ ಮಾತು ಒಂದೇ. ತಡವಾದರೆ ಆಗಲಿ, ಅಲ್ಲಿ ಮಲಗಬೇಕಾದಷ್ಟು ದಿನ ಮಲಗು.

ರಜೆಗೆ ಬಂದವನ ಕಾಲು ಊದಿದರೆ, ಒಂದೇ ಮೀನಖಂಡ ನೋಯುತ್ತಿದ್ದರೆ, ಏಕಾಏಕಿ ಎದೆ ಹಿಡಿದರೆ ಅಥವಾ ತಲೆನೋವು ಬಿಡದಿದ್ದರೆ ಅದನ್ನು ಪ್ರಯಾಣದ ಸುಸ್ತು ಅಂತ ಬಿಡಬಾರದು. ಎತ್ತರದಲ್ಲಿ ತಿಂಗಳುಗಟ್ಟಲೆ ಇದ್ದವರ ರಕ್ತ ಮಂದವಾಗಿರುತ್ತದೆ, ಕಾಲಿನಲ್ಲಿ, ಮಿದುಳಿನಲ್ಲಿ ರಕ್ತ ಗಟ್ಟಿಯಾಗಬಹುದು. ಮೇಲೆ ಒಂದೆಡೆ ಕೂತು ಕಳೆದ ದಿನಗಳ ಮೇಲೆ ರೈಲಿನಲ್ಲಿ ಅಷ್ಟು ಹೊತ್ತು ಕೂತಿದ್ದೂ ಸೇರುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಕೂತ ನಮ್ಮ ವೈದ್ಯರ ತಲೆಗೆ ಇದು ಮೊದಲು ಹೊಳೆಯದೆ ಇರಬಹುದು. ಹಾಗಾಗಿ ಆಸ್ಪತ್ರೆಗೆ ಹೋದವನು 'ನಾನು ಇಷ್ಟು ಸಾವಿರ ಅಡಿಯಿಂದ ಬಂದಿದ್ದೀನಿ, ಇಂಥ ದಿನ ಇಳಿದೆ' ಅಂತ ತಾನೇ ಹೇಳಬೇಕು. ಇನ್ನೊಂದು ಕಾಯಿಲೆಯನ್ನೂ 1990ರಲ್ಲಿ ನಮ್ಮ ಸೈನಿಕರಲ್ಲೇ ಗುರುತಿಸಿದರು. 19 ಸಾವಿರ ಅಡಿಗಿಂತ ಮೇಲೆ ವಾರಗಟ್ಟಲೆ ಇದ್ದವರ ಹೃದಯದ ಬಲಭಾಗ ಸೋತು ಮೈ ಊದಿಕೊಂಡಿತ್ತು. ಕೆಳಗೆ ಬಂದ ಮೇಲೆ ಇಳಿಯಿತು. ಅತಿ ಎತ್ತರದ ಪೋಸ್ಟ್‌ಗಳಲ್ಲಿ ಸುಮಾರು ಮೂರು ತಿಂಗಳಿಗೆ ಸರದಿ ಬದಲಾಯಿಸುವುದು ಸುಮ್ನೆ ಅಲ್ಲ.

ಕಾಯಂ ಸೈನಿಕ ನಿವೃತ್ತನಾದ ಮೇಲೆ ಅವನಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, ಪಿಂಚಣಿ ಇದೆ. ನಾಲ್ಕು ವರ್ಷ ಮುಗಿಸಿ ಹೊರಬರುವ ಅಗ್ನಿವೀರನಿಗೆ ಎರಡೂ ಇಲ್ಲ. ಸೇವೆಯಿಂದ ಅಂಗವೈಕಲ್ಯವಾದರೆ ಶೇ 100ಕ್ಕೆ 44 ಲಕ್ಷ, ಶೇ 75ಕ್ಕೆ 25 ಲಕ್ಷ, ಶೇ 50ಕ್ಕೆ 15 ಲಕ್ಷ ರೂಪಾಯಿ ಒಮ್ಮೆಗೆ ಸಿಗುತ್ತದೆ. ಒಂದು ಕಾಲ್ಬೆರಳು, ಚಳಿ ಬಂದಾಗಲೆಲ್ಲ ಜುಮ್ಮೆನ್ನುವ ಅಂಗೈ ಇವೆಲ್ಲ ಎಷ್ಟು ಶೇಕಡಾ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು. ಬೋರ್ಡಿನ ಮುಂದೆ ಮಾತಾಡುವುದು ಕಾಗದ. ತಲೆನೋವು ಬಂದ ದಿನ ಎಂ.ಐ. ರೂಮಿಗೆ (ಸೇನೆಯ ವೈದ್ಯಕೀಯ ತಪಾಸಣೆ ಕೋಣೆಗೆ) ಹೋಗಿ ಬರೆಸದೆ ಇದ್ದವನ ಹತ್ತಿರ ಕಾಗದ ಇರುವುದಿಲ್ಲ. ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಶುರುವಿನಲ್ಲಿ. ಅವರ ನಾಲ್ಕು ವರ್ಷ ಮುಗಿಯುವ ಕಾಲ ಬಂತು. ಇಂಥ ಹುಡುಗರು ಹಿಮಗಾಯದ ಕಾಲು ಹಿಡಿದು ಕೊಪ್ಪಳದ, ರಾಯಚೂರಿನ, ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಏನು ಮಾಡಬೇಕು ಅನ್ನುವುದನ್ನು ಸರ್ಕಾರ ಈಗಲೇ ಯೋಚಿಸಿಡಬೇಕು.

ಮೊನ್ನೆ ಓಟ ಮುಗಿದ ಮೇಲೆ ಬೆಟ್ಟದ ಬುಡದಲ್ಲಿ ಎಲ್ಲರೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತಿದ್ದರು. ಮೊದಲು ಹತ್ತಿದ್ದ ಹುಡುಗನೇ ಕೇಳಿದ: "ಸರ, ಅಲ್ಲಿ ತಲಿನೋವು ಅಂತ ಹೇಳಿದ್ರ ಮನಿಗೆ ಕಳಿಸ್ತಾರೇನ್ರಿ?"

ಮಾಜಿ ಎನ್.ಎ. ಕಾಗದಕ್ಕೆ ಕೈ ಒರೆಸಿಕೊಂಡರು. "ಮನಿಗೆ ಯಾಕ ಕಳಿಸ್ತಾರಲೇ ತಮ್ಮಾ? ಕೆಳಗಿನ ಕ್ಯಾಂಪಿಗೆ ಕಳಿಸ್ತಾರ. ನಾಕು ದಿನ ಮಲಗ್ತಿ. ಆಮ್ಯಾಲೆ ಮತ್ತ ಹತ್ತತಿ."

"ಮತ್ತ ನೀವು ಹೇಳಿದ್ರೇನ್ರಿ, ನಿಮಗ ಬಂದಾಗ?"

ಅವರು ಉತ್ತರ ಕೊಡಲಿಲ್ಲ. ಟೀ ಲೋಟ ಎಡಗೈಗೆ ತಗೊಂಡರು.